ಕ್ರೈಸ್ತಬೋಧನೆಯಲ್ಲಿ ಶಿಲುಬೆಯ ಸ್ಥಾನ: ಚಿಕ್ಕಬಳ್ಳಾಪುರ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪ್ರಶ್ನೆಯ ಸ್ವರೂಪ

ಮಹಾತ್ಮಾ ಗಾಂಧಿಯವರು ದೇಹಾಲಸ್ಯದಿಂದ ಚೇತರಿಸಿಕೊಳ್ಳುವುದಕ್ಕಾಗಿ 1927ರ ಬೇಸಗೆಯಲ್ಲಿ ಕೆಲವು ವಾರಗಳ ಕಾಲ ನಂದಿಬೆಟ್ಟದ ಮೇಲೆ ತಂಗಿದ್ದರೆಂಬುದು ಚಿಕ್ಕಬಳ್ಳಾಪುರ ಸೀಮೆಯವರೆಲ್ಲರೂ ಬಲ್ಲ ಸಂಗತಿ. 1936ರಲ್ಲಿಯೂ ಅವರು ಅಲ್ಲಿಗೆ ಮತ್ತೊಮ್ಮೆ ಬಂದಿದ್ದರು. ಮೊದಲನೆಯ ಸಲ ಬಂದಿದ್ದಾಗ ಅವರ ಆತ್ಮಕಥೆಯ ಪ್ರಕರಣಗಳು ‘ನವಜೀವನ’ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟವಾಗುತ್ತಿದ್ದುವು. ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತಮಿತ್ರರೊಡನೆ ತಾವು ನಡೆಸಿದ ಚರ್ಚೆಗಳನ್ನು ಆ ಗ್ರಂಥದಲ್ಲಿ ಸ್ಮರಿಸುತ್ತ, ಶಿಲುಬೆಯ ಮೇಲಣ ಯೇಸುವಿನ ಮರಣವು ಲೋಕಕ್ಕೆ ಒಂದು ದೊಡ್ಡ ಆದರ್ಶವೆಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ಆದರೆ ಆ ಮರಣದಲ್ಲಿ ಇತರರ ಪಾಪವನ್ನು ಕಳೆಯುವ ಯಾವುದೋ ಗೂಢಶಕ್ತಿಯಿದೆಯೆಂಬುದನ್ನು ತಮ್ಮ ಹೃದಯವು ಒಪ್ಪಲಿಲ್ಲವೆಂದು ಅಷ್ಟೇ ಸ್ಪಷ್ಟವಾಗಿ ಹೇಳಿದ್ದಾರೆ.

ಕ್ರೈಸ್ತಬೋಧನೆಯನ್ನು ಅರಿಯಬಯಸುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರವು ದೊರೆಯಲಾರದು. ಏಕೆಂದರೆ ಗಾಂಧಿಯವರು ಒಪ್ಪಿದ ಅಂಶ ಯಾವುದು, ಒಪ್ಪದ ಅಂಶ ಯಾವುದು ಎಂಬ ಗಡಿಯಲ್ಲಿಯೇ ಆ ಬೋಧನೆಯ ಕೇಂದ್ರವಿದೆ. ಯೇಸುವಿನ ಗಿರಿಪ್ರಸಂಗವನ್ನು ಮೆಚ್ಚಿದವರು ನಮ್ಮ ದೇಶದಲ್ಲಿ ಅನೇಕರುಂಟು. ಆದರೆ ಕ್ರೈಸ್ತಬೋಧಕನು ಗಿರಿಪ್ರಸಂಗದಲ್ಲಿಯೇ ನಿಲ್ಲುವುದಿಲ್ಲ. ಮರಣದಂಡನೆಗೆ ಗುರಿಯಾದ ಒಬ್ಬ ವ್ಯಕ್ತಿಯ ಕೊನೆಯ ದಿನದ ಕಡೆಗೆ ಪುನಃ ಪುನಃ ತಿರುಗುತ್ತಾನೆ. ಹೀಗೇಕೆ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂಥ ಕನ್ನಡ-ತೆಲುಗು ನಾಡಿನಲ್ಲಿ ಈ ಮಾತು ಯಾವ ಪದಗಳಲ್ಲಿ ಕೇಳಿಬಂದಿತು? ಯಾವ ಅಡ್ಡಿಗಳನ್ನು ಎದುರಿಸಿತು? ಈ ಪ್ರಶ್ನೆಗಳನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗುವುದು. ಒಂದು ಮತದ ನಂಬಿಕೆಯನ್ನು ಸಮರ್ಥಿಸುವುದಾಗಲಿ ಖಂಡಿಸುವುದಾಗಲಿ ಈ ಲೇಖನದ ಉದ್ದೇಶವಲ್ಲ. ಅದನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದಷ್ಟೇ ಉದ್ದೇಶ.

2. ಆದಿಯ ಬೋಧನೆ

ಶಿಲುಬೆಯು ಇಂದು ಚರ್ಚುಗಳ ಶಿಖರದಲ್ಲಿಯೂ ಕೊರಳ ಹಾರದಲ್ಲಿಯೂ ಕಾಣುವ ಸಂಕೇತವಾಗಿರುವುದರಿಂದ ಅದರ ಮೂಲದ ಭೀಕರತೆಯು ನಮಗೆ ಮರೆತುಹೋಗಿದೆ. ರೋಮನ್ ಸಾಮ್ರಾಜ್ಯದಲ್ಲಿ ಅದು ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆಯಾಗಿತ್ತು. ಕ್ರಿ. ಪೂ. 71ರಲ್ಲಿ ಸ್ಪಾರ್ಟಕಸ್ಸನ ದಂಗೆಯು ಅಡಗಿದ ಮೇಲೆ ಸೆರೆಸಿಕ್ಕ ಸುಮಾರು 6000 ಮಂದಿ ಗುಲಾಮರನ್ನು ರೋಮಿಗೆ ಹೋಗುವ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಲಾಯಿತು. ಆ ಪದವೇ ರೋಮನ್ ಪ್ರಜೆಯ ಕಿವಿಗೆ ಬೀಳಬಾರದೆಂದು ವಾಗ್ಮಿಯಾದ ಸಿಸೆರೊ ನ್ಯಾಯಸಭೆಯಲ್ಲಿ ವಾದಿಸಿದ್ದನು. ಯೆಹೂದ್ಯರ ದೃಷ್ಟಿಯಲ್ಲಿಯೂ ಮರಕ್ಕೆ ತೂಗಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನು. ಇದು ಧರ್ಮೋಪದೇಶಕಾಂಡದ ವಿಧಿ.

ಇಂಥ ಮರಣವನ್ನು ಹೊಂದಿದವನನ್ನೇ ರಕ್ಷಕನೆಂದು ಸಾರುವುದು ಕೇಳುಗರಿಗೆ ಹೇಗೆ ತೋರಿರಬೇಕು? ರೋಮಿನ ಪಾಲಟೈನ್ ಗುಡ್ಡದ ಮೇಲಣ ಕಟ್ಟಡವೊಂದರ ಗೋಡೆಯಲ್ಲಿ ಕೊರೆದ ಒಂದು ಒರಟು ಚಿತ್ರವು 19ನೆಯ ಶತಮಾನದಲ್ಲಿ ದೊರೆಯಿತು. ಅದರಲ್ಲಿ ಕತ್ತೆಯ ತಲೆಯುಳ್ಳ ಮನುಷ್ಯನೊಬ್ಬನು ಶಿಲುಬೆಯ ಮೇಲಿದ್ದಾನೆ. ಕೆಳಗೆ ಒಬ್ಬನು ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಮೆನಸ್ ಎಂಬವನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂಬ ಅರ್ಥದ ಬರವಣಿಗೆಯಿದೆ. ಶಿಲುಬೆಯ ಮರಣದ ಅತಿ ಹಳೆಯ ಚಿತ್ರಗಳಲ್ಲಿ ಒಂದಾದ ಇದನ್ನು ಬರೆದವನು ಭಕ್ತನಲ್ಲ, ಪರಿಹಾಸಕ. ರೋಮಿನ ಸಂತ ಸಬೀನಾ ದೇವಾಲಯದ ಮರದ ಬಾಗಿಲಿನಲ್ಲಿರುವಂತೆ ಕ್ರೈಸ್ತರೇ ಆ ದೃಶ್ಯವನ್ನು ದೇವಾಲಯದಲ್ಲಿ ಕೆತ್ತಿಸಿದುದು 5ನೆಯ ಶತಮಾನದಲ್ಲಿ. ಅಷ್ಟರೊಳಗೆ ಆ ಶಿಕ್ಷೆಯೇ ಸಾಮ್ರಾಜ್ಯದಲ್ಲಿ ನಿಂತುಹೋಗಿತ್ತು.

ಆದರೂ ಬೋಧನೆಯಲ್ಲಿ ಶಿಲುಬೆಯನ್ನು ಮರೆಮಾಡಲಿಲ್ಲ. ಕ್ರಿ. ಶ. 54ರ ಸುಮಾರಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯು ಇದಕ್ಕೆ ಮುಖ್ಯ ಸಾಕ್ಷಿ. ಈ ಮಾತಿಗೆ ಯೆಹೂದ್ಯರು ಎಡವುವರು, ಗ್ರೀಕರು ನಗುವರು ಎಂಬುದನ್ನು ಅವನು ಬಲ್ಲನು. ಹಾಗಿದ್ದರೂ ವಾಕ್ಚಾತುರ್ಯದಿಂದ ಅದರ ಮೊನೆಯನ್ನು ಮೊಂಡಾಗಿಸಲು ಅವನು ನಿರಾಕರಿಸಿದನು. ಮಾರ್ಕನ ಸುವಾರ್ತೆಯ 16 ಅಧ್ಯಾಯಗಳಲ್ಲಿ 11ರಿಂದ ಮುಂದಿನವೆಲ್ಲವೂ ಯೇಸುವಿನ ಕೊನೆಯ ವಾರಕ್ಕೆ ಮತ್ತು ಪುನರುತ್ಥಾನಕ್ಕೆ ಸಂಬಂಧಪಟ್ಟವು. ಒಬ್ಬ ಗುರುವಿನ ಜೀವನಚರಿತ್ರೆಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಅವನ ಕಡೆಯ ದಿನಗಳೇ ಆಕ್ರಮಿಸಿಕೊಳ್ಳುವುದು ಸಾಮಾನ್ಯವಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಉಪದೇಶವು ಮನುಷ್ಯನು ಏನು ಮಾಡಬೇಕೆಂಬುದನ್ನು ಹೇಳುತ್ತದೆ. ವಾರ್ತೆಯು ಏನು ನಡೆಯಿತೆಂಬುದನ್ನು ಹೇಳುತ್ತದೆ. ಕ್ರೈಸ್ತಬೋಧನೆಯು ತನ್ನನ್ನು ಸುವಾರ್ತೆಯೆಂದೇ ಕರೆದುಕೊಂಡಿತು. ಪೊಂತ್ಯ ಪಿಲಾತನೆಂಬ ಅಧಿಕಾರಿಯ ಕಾಲದಲ್ಲಿ, ಯೆರೂಸಲೇಮಿನ ಹೊರಗೆ ನಡೆದ ಒಂದು ಘಟನೆಯಲ್ಲಿ ದೇವರು ಮನುಷ್ಯರಿಗೋಸ್ಕರ ಕಾರ್ಯಮಾಡಿದನೆಂಬುದೇ ಅದರ ತಿರುಳು. ಆ ಘಟನೆಯನ್ನು ತೆಗೆದುಬಿಟ್ಟರೆ ಉಳಿಯುವುದು ಉತ್ತಮವಾದ ನೀತಿ, ವಾರ್ತೆಯಲ್ಲ. ಪುನರುತ್ಥಾನದ ನಂಬಿಕೆಯು ಈ ವಾರ್ತೆಯಿಂದ ಬೇರೆಯಾದುದಲ್ಲ. ಸತ್ತವನು ಎದ್ದನೆಂಬ ನಂಬಿಕೆಯಿಲ್ಲದಿದ್ದರೆ ಅವನ ಸಾವಿನ ಅರ್ಥವನ್ನು ಕುರಿತು ಯಾರೂ ಬೋಧಿಸುತ್ತಿರಲಿಲ್ಲ.

3. ಅರ್ಥದ ವಿವರಣೆಗಳು

ಶಿಲುಬೆಯು ಕೇಂದ್ರವೆಂಬುದರಲ್ಲಿ ಕ್ರೈಸ್ತ ಪಂಗಡಗಳಲ್ಲಿ ಒಮ್ಮತವಿದ್ದರೂ, ಆ ಮರಣವು ರಕ್ಷಣೆಯನ್ನು ಹೇಗೆ ತಂದಿತೆಂಬುದಕ್ಕೆ ಒಂದೇ ವಿವರಣೆಯು ಎಂದೂ ಅಧಿಕೃತವಾಗಿ ಸ್ಥಿರಪಡಲಿಲ್ಲ. ಮುಖ್ಯವಾದ ವಿವರಣೆಗಳು ಮೂರು. ಮೊದಲನೆಯದು ವಿಜಯದ ವಿವರಣೆ: ಪಾಪ ಮರಣಗಳ ಸೆರೆಯಲ್ಲಿದ್ದ ಮನುಷ್ಯಕುಲವನ್ನು ಕ್ರಿಸ್ತನು ತನ್ನ ಮರಣದಿಂದ ಬಿಡಿಸಿದನು. ಪ್ರಾಚೀನ ಧರ್ಮಪಿತೃಗಳಲ್ಲಿ ಪ್ರಬಲವಾಗಿದ್ದ ಈ ಭಾವನೆಯನ್ನು ಸ್ವೀಡನ್ನಿನ ಗುಸ್ತಾಫ್ ಔಲೇನ್ 1930ರಲ್ಲಿ ವಿದ್ವಾಂಸರ ಗಮನಕ್ಕೆ ಮತ್ತೆ ತಂದರು. ಎರಡನೆಯದು ಋಣಪರಿಹಾರದ ವಿವರಣೆ: ಮನುಷ್ಯನು ದೇವರಿಗೆ ಸಲ್ಲಿಸಬೇಕಾಗಿದ್ದು ಸಲ್ಲಿಸಲಾರದೆ ಹೋದುದನ್ನು ದೇವಮಾನವನಾದ ಕ್ರಿಸ್ತನು ಸಲ್ಲಿಸಿದನು. ದೇವರು ಮನುಷ್ಯನಾದುದೇಕೆ ಎಂಬ ಪ್ರಶ್ನೆಯನ್ನೇ ಹೆಸರಾಗಿ ಪಡೆದ ಗ್ರಂಥದಲ್ಲಿ ಆನ್ಸೆಲ್ಮನು 1098ರ ವೇಳೆಗೆ ಇದನ್ನು ತರ್ಕಬದ್ಧವಾಗಿ ಪ್ರತಿಪಾದಿಸಿದನು. ಮೂರನೆಯದು ಪ್ರೇಮದ ವಿವರಣೆ: ಶಿಲುಬೆಯಲ್ಲಿ ಪ್ರಕಟವಾದ ದೇವರ ಪ್ರೀತಿಯು ನೋಡುವವನ ಹೃದಯವನ್ನು ಕರಗಿಸಿ ಅವನಲ್ಲಿ ಪ್ರೀತಿಯನ್ನು ಹುಟ್ಟಿಸುತ್ತದೆ. 12ನೆಯ ಶತಮಾನದ ಅಬೆಲಾರ್ಡನ ಹೆಸರು ಇದಕ್ಕೆ ಅಂಟಿಕೊಂಡಿದೆ.

ಈ ಮೂರರಲ್ಲಿ ಗಾಂಧಿಯವರ ಒಪ್ಪಿಗೆಗೆ ಹತ್ತಿರವಾದುದು ಮೂರನೆಯದೇ. ಆದರೆ ಅಲ್ಲಿಯೂ ಅಂತರವುಂಟು. ಅಬೆಲಾರ್ಡನಿಗೆ ಶಿಲುಬೆಯಲ್ಲಿ ಕಾಣುವುದು ದೇವರ ಪ್ರೀತಿ. ಗಾಂಧಿಯವರಿಗೆ ಕಾಣುವುದು ಸತ್ಯಾಗ್ರಹಿಯಾದ ಮಾನವನೊಬ್ಬನ ಪರಿಪೂರ್ಣ ತ್ಯಾಗ.

4. ಈ ಸೀಮೆಯಲ್ಲಿ ಶಿಲುಬೆಯ ಮಾತು

ಈ ಬೋಧನೆಯು ಚಿಕ್ಕಬಳ್ಳಾಪುರದ ಕಡೆಗೆ ಬಂದುದು ಬ್ರಿಟಿಷರೊಡನೆಯಲ್ಲ, ಅವರಿಗಿಂತ ಬಹಳ ಮುಂಚೆ. ಯೇಸುಸಭೆಗೆ ಸೇರಿದ ಬೂಶೆ ಮತ್ತು ಮೋದ್ವಿ ಎಂಬ ಫ್ರೆಂಚ್ ಪಾದ್ರಿಗಳು 1702ರಲ್ಲಿ ಮೈಸೂರು ಸೀಮೆಯ ಪೂರ್ವಭಾಗದಲ್ಲಿ ತೆಲುಗು ಮಿಷನ್ನನ್ನು ಆರಂಭಿಸಿದರು. ಆರ್ಕಾಟಿನ ಕಡೆಯಿಂದ ವಲಸೆ ಬಂದ ರೆಡ್ಡಿಗಳಲ್ಲಿ ಕೆಲವರು ಆ ಮತವನ್ನು ಅನುಸರಿಸುತ್ತಿದ್ದರು. ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರ, ಹೊಸಕೋಟೆ, ಕೋಲಾರ ಮೊದಲಾದ ಕಡೆಗಳಲ್ಲಿ ಪ್ರಾರ್ಥನಾಮಂದಿರಗಳು ಎದ್ದುವು. ಪ್ರಾಟೆಸ್ಟಂಟರ ಪೈಕಿ ಲಂಡನ್ ಮಿಷನ್ ಸಂಘದವರು 1810ರಲ್ಲಿ ಬಳ್ಳಾರಿಗೂ 1820ರಲ್ಲಿ ಬೆಂಗಳೂರಿಗೂ ಬಂದು, ಮುಂದೆ ಚಿಕ್ಕಬಳ್ಳಾಪುರವನ್ನೂ ತಮ್ಮ ಕೇಂದ್ರಗಳಲ್ಲಿ ಒಂದನ್ನಾಗಿ ಮಾಡಿಕೊಂಡರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯ ಸಭೆಯಲ್ಲಿ ಸೇರಿದುವು.

ಕೈವಾರದ ನಾರೇಯಣ ಯತೀಂದ್ರರು ತೆಲುಗು ಕನ್ನಡಗಳೆರಡರಲ್ಲಿಯೂ ಹಾಡಿದ ನಾಡು ಇದು. ಇಲ್ಲಿನ ಜನರಿಗೆ ಧರ್ಮದ ಮಾತನ್ನು ಎರಡು ಭಾಷೆಗಳಲ್ಲಿ ಕೇಳುವುದು ಹೊಸದಲ್ಲ. ಶಿಲುಬೆಯ ವಿಷಯದಲ್ಲಂತೂ ಎರಡು ಭಾಷೆಗಳೂ ಒಂದೇ ಎರವಲು ಪದವನ್ನು ಇರಿಸಿಕೊಂಡಿವೆ: ಕನ್ನಡದಲ್ಲಿ ‘ಶಿಲುಬೆ’, ತೆಲುಗಿನಲ್ಲಿ ‘ಸಿಲುವ’. ಪೂರ್ವದೇಶದ ಕ್ರೈಸ್ತರ ಸಿರಿಯಾಕ್ ಭಾಷೆಯ ‘ಸ್ಲೀವಾ’ ಎಂಬುದೇ ಇದರ ಮೂಲ. ತಮಿಳಿನ ‘ಸಿಲುವೈ’ ಸಹ ಅದೇ. ಈ ಪದವನ್ನು ಉಳಿಸಿಕೊಂಡುದರಿಂದ ಒಂದು ಲಾಭವೂ ಒಂದು ನಷ್ಟವೂ ಆಯಿತು. ಪರಭಾಷೆಯ ಪದವಾದುದರಿಂದ ಅದು ಕ್ರಿಸ್ತನೊಬ್ಬನ ಮರಣಕ್ಕೇ ಮೀಸಲಾಗಿ ನಿಂತಿತು, ಇದು ಲಾಭ. ಆದರೆ ಶಿಲುಬೆಯೆಂದರೆ ಅಪರಾಧಿಯ ದಂಡನೆಯೆಂಬ ಅರ್ಥವು ಕೇಳಿದೊಡನೆ ಹೊಳೆಯದೆ ಹೋಯಿತು, ಇದು ನಷ್ಟ. ಕನ್ನಡದ ಕಥೆಗಳಲ್ಲಿ ಕಳ್ಳರನ್ನೂ ದ್ರೋಹಿಗಳನ್ನೂ ಏರಿಸುತ್ತಿದ್ದುದು ಶೂಲಕ್ಕೆ. ಅದು ಬೇರೆ ಬಗೆಯ ಶಿಕ್ಷೆಯಾದರೂ, ಪೌಲನ ಕೇಳುಗರಿಗೆ ಉಂಟಾದ ಆಘಾತವನ್ನು ನಮ್ಮ ವಿದ್ಯಾರ್ಥಿಯು ಊಹಿಸಿಕೊಳ್ಳಬೇಕಾದರೆ, ಶೂಲಕ್ಕೇರಿದವನೊಬ್ಬನನ್ನು ದೇವರೆಂದು ಸಾರುವ ಬೋಧಕನನ್ನು ಕಲ್ಪಿಸಿಕೊಳ್ಳಬೇಕು.

ಹ್ಯಾಂಡ್ಸ್ ಮತ್ತು ರೀವ್ ಎಂಬ ಮಿಷನರಿಗಳ ಶ್ರಮದಿಂದ 1831ರ ವೇಳೆಗೆ ಸಮಗ್ರ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಬೆಳೆದ ಕನ್ನಡ ಬೈಬಲಿನ ಭಾಷೆಯಲ್ಲಿ ಎರಡು ಪದಗಳು ನಮ್ಮ ವಿಷಯಕ್ಕೆ ಮುಖ್ಯವಾದುವು. ಒಂದು ‘ಯಜ್ಞ’. ಹೀಬ್ರೂ ಜನರ ಬಲಿವಿಧಿಗಳಿಗೆಲ್ಲ ಯಜ್ಞ, ಸರ್ವಾಂಗಹೋಮ, ಸಮಾಧಾನಯಜ್ಞ ಎಂಬ ವೈದಿಕಛಾಯೆಯ ಹೆಸರುಗಳು ಸಂದುವು. ಆದರೆ ಗೌರಿಬಿದನೂರಿನ ಅಥವಾ ಚಿಂತಾಮಣಿಯ ಹಳ್ಳಿಯವನು ಕಣ್ಣಾರೆ ಕಂಡಿದ್ದುದು ಅಗ್ನಿಕುಂಡದ ಯಜ್ಞವನ್ನಲ್ಲ. ಗ್ರಾಮದೇವತೆಯ ಜಾತ್ರೆಯಲ್ಲಿ ಕೊಡುವ ಕುರಿ ಕೋಳಿಗಳ ಬಲಿಯನ್ನು. ಆದುದರಿಂದ ಒಂದೇ ವಾಕ್ಯವು ಓದುಬಲ್ಲವನಿಗೆ ವೇದವನ್ನೂ, ಓದದವನಿಗೆ ಹರಕೆಯನ್ನೂ ನೆನಪಿಗೆ ತಂದಿರಬೇಕು. ಇಬ್ರಿಯರಿಗೆ ಬರೆದ ಪತ್ರಿಕೆಯು ಹೇಳುವುದಾದರೋ ಇವೆರಡಕ್ಕೂ ವಿರುದ್ಧ: ಆ ಒಂದು ಅರ್ಪಣೆಯು ಒಂದೇ ಸಲ ನಡೆದು, ಮತ್ತೆ ಮತ್ತೆ ಬಲಿ ಕೊಡುವ ಅಗತ್ಯವನ್ನು ಕೊನೆಗಾಣಿಸಿತು. ಬಲಿಯ ಭಾಷೆಯಲ್ಲಿಯೇ ಬಲಿಯ ಅಂತ್ಯವನ್ನು ಸಾರುವುದು ಬೋಧಕನ ಕಷ್ಟವಾಗಿತ್ತು.

ಈ ಕಷ್ಟವನ್ನು ಅತ್ಯಂತ ಗಂಭೀರವಾಗಿ ಎದುರಿಸಿದವರು ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್. ಅವರ ಕ್ಷೇತ್ರವು ಮಂಗಳೂರು, ಧಾರವಾಡ ಪ್ರಾಂತಗಳಾಗಿದ್ದರೂ, ಸಮಸ್ಯೆಯು ಕನ್ನಡ ನಾಡಿಗೆಲ್ಲ ಸಾಮಾನ್ಯವಾದುದು. 1862ರಲ್ಲಿ ಅವರು ‘ಕಥಾಮಾಲೆ’ಯೆಂಬ ಕೃತಿಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದರು. 1872ರಲ್ಲಿ ಪ್ರಕಟವಾದ ‘ಯಜ್ಞಸುಧಾನಿಧಿ’ಯೆಂಬ ಕಿರುಹೊತ್ತಗೆಯಲ್ಲಿ ಯಜ್ಞದ ವಿಚಾರವನ್ನೇ ಎತ್ತಿಕೊಂಡರು. 1894ರಲ್ಲಿ ಹೊರಬಂದ ಅವರ ನಿಘಂಟನ್ನು ಬಳಸುವ ನಾವು, ಪದಗಳ ಅರ್ಥಕ್ಕಾಗಿ ಅವರು ಪಟ್ಟ ಶ್ರಮದ ಹಿಂದೆ ಈ ಬೋಧನೆಯ ಅಗತ್ಯವೂ ಇದ್ದಿತೆಂಬುದನ್ನು ಮರೆಯುವಂತಿಲ್ಲ.

ಎರಡನೆಯ ಪದ ‘ಈಡು’. ಮನುಷ್ಯಕುಮಾರನು ಅನೇಕರ ಬಿಡುಗಡೆಗಾಗಿ ತನ್ನ ಪ್ರಾಣವನ್ನು ಒಪ್ಪಿಸಲು ಬಂದನೆಂಬ ಮಾರ್ಕನ ಮಾತಿಗೆ ಕನ್ನಡ ಬೈಬಲು ಬಳಸುವುದು ಈ ಪದವನ್ನೇ. ಇದು ಪಂಡಿತರ ಪದವಲ್ಲ, ಸಾಲಗಾರನ ಪದ. ಹೊಲವನ್ನು ಈಡಿಟ್ಟವನಿಗೂ, ತಂದೆಯ ಸಾಲಕ್ಕಾಗಿ ಜೀತಕ್ಕೆ ನಿಂತ ಮಗನಿಗೂ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆನ್ಸೆಲ್ಮನ ತರ್ಕವು ತಲಪಲಾರದ ಕಡೆಗೆ ಈ ಎರಡಕ್ಷರವು ತಲಪಬಲ್ಲುದು.

5. ಆಕ್ಷೇಪಗಳು

ಶಿಲುಬೆಯ ಬೋಧನೆಗೆ ಭಾರತದಲ್ಲಿ ಬಂದ ಆಕ್ಷೇಪಗಳು ಪೌಲನ ಕಾಲದವುಗಳಿಗಿಂತ ಭಿನ್ನವಾದುವು. 1820ರಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ಉಪದೇಶಗಳನ್ನು ಮಾತ್ರ ಆಯ್ದು ಗ್ರಂಥರೂಪದಲ್ಲಿ ಪ್ರಕಟಿಸಿ, ಶಾಂತಿಗೂ ಸುಖಕ್ಕೂ ಅವೇ ಸಾಕೆಂದು ಸಾರಿದರು. ಸಿರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ನರು ಇದನ್ನು ವಿರೋಧಿಸಿದರು. ಪ್ರಾಯಶ್ಚಿತ್ತವಾಗಿ ಸತ್ತ ಕ್ರಿಸ್ತನನ್ನು ಬಿಟ್ಟು ಗುರುವಾದ ಕ್ರಿಸ್ತನನ್ನು ಮಾತ್ರ ಇಟ್ಟುಕೊಳ್ಳಲು ಬರುವುದೆ ಎಂಬುದೇ ಆ ವಾದದ ಸಾರ. ಅತ್ತ ಮೈಸೂರು ಸೀಮೆಯಲ್ಲಿ ಅನೇಕ ವರ್ಷ ದುಡಿದ ಆಬೆ ದುಬ್ವಾ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಬೇರೊಂದು ತೊಡಕನ್ನು ಎತ್ತಿಹೇಳಿದರು: ಕರುವನ್ನು ಕೊಯ್ದು ಔತಣ ಮಾಡಿದ ಪ್ರಸಂಗಗಳುಳ್ಳ ಗ್ರಂಥವನ್ನು ವಿವರಣೆಯಿಲ್ಲದೆ ಹಿಂದೂಗಳ ಕೈಗಿತ್ತರೆ ಅವರಿಗೆ ಹೇಸಿಗೆಯೇ ಆದೀತು. ಬೋಧಕನು ಶಿಲುಬೆಯನ್ನು ತಲಪುವ ಮೊದಲೇ ಕೇಳುಗನು ಎದ್ದುಹೋಗುವ ಸಂಭವವುಂಟೆಂಬುದು ಇದರಿಂದ ತಿಳಿಯುತ್ತದೆ.

ಇವೆರಡಕ್ಕಿಂತ ಆಳವಾದ ಆಕ್ಷೇಪವು ಕರ್ಮಸಿದ್ಧಾಂತದಿಂದ ಬರುತ್ತದೆ. ಮಾಡಿದವನೇ ಉಣ್ಣಬೇಕೆಂಬುದು ನಮ್ಮ ಜನದ ದೃಢವಾದ ನಂಬಿಕೆ. ಒಬ್ಬನ ಪಾಪವನ್ನು ಮತ್ತೊಬ್ಬನು ಹೊರುವುದು ನ್ಯಾಯವೆ? ಹೊತ್ತರೆ ಪಾಪಿಗೆ ಪಾಪದ ಭಯವು ಉಳಿಯುವುದೆ? ಗಾಂಧಿಯವರ ಸಂದೇಹವೂ ಈ ಜಾತಿಯದೇ. ತಾವು ಬಯಸುವುದು ಪಾಪದ ಫಲದಿಂದ ಬಿಡುಗಡೆಯನ್ನಲ್ಲ, ಪಾಪದಿಂದಲೇ ಬಿಡುಗಡೆಯನ್ನೆಂದು ಅವರು ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಕ್ರೈಸ್ತ ಚಿಂತಕರು ಇದನ್ನು ಹಗುರವಾಗಿ ಎಣಿಸುವಂತಿಲ್ಲ. ಅಗ್ಗವಾದ ಕ್ಷಮೆಯನ್ನು ಸಾರುವ ಬೋಧನೆಯು ಈ ಆಕ್ಷೇಪಕ್ಕೆ ನಿಜವಾಗಿಯೂ ಗುರಿಯಾಗುತ್ತದೆ. ಅವರು ಕೊಡುವ ಉತ್ತರವಿಷ್ಟು: ಕ್ಷಮಿಸುವವನು ಯಾವಾಗಲೂ ನೋವನ್ನು ತಾನು ನುಂಗಿಕೊಳ್ಳುತ್ತಾನೆ, ನುಂಗದೆ ಕ್ಷಮಿಸಲು ಬರುವುದಿಲ್ಲ, ಶಿಲುಬೆಯು ದೇವರು ನುಂಗಿಕೊಂಡ ನೋವು.

ಪರರಿಗಾಗಿ ಪ್ರಾಣಕೊಡುವುದು ಈ ನಾಡಿಗೆ ಅಪರಿಚಿತವಾದುದಲ್ಲ. ದಧೀಚಿ, ಶಿಬಿಗಳ ಕಥೆಗಳು ಮನೆಮಾತಾಗಿವೆ. ಹಿಂದಿನ ಕೋಲಾರ ಜಿಲ್ಲೆಯ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳು, ತುರುಗಳನ್ನು ಬಿಡಿಸುವಾಗಲೋ ಊರನ್ನು ಕಾಯುವಾಗಲೋ ಮಡಿದವರನ್ನು ಸ್ಮರಿಸುತ್ತವೆ. ಆದರೆ ವೀರನು ಆಯುಧಪಾಣಿಯಾಗಿ, ತನ್ನ ಊರವರಿಗಾಗಿ, ಗೌರವದಿಂದ ಮಡಿಯುತ್ತಾನೆ. ಊರವರು ಕಲ್ಲು ನಿಲ್ಲಿಸುತ್ತಾರೆ. ಯೇಸುವು ನಿರಾಯುಧನಾಗಿ, ಊರ ಹೊರಗೆ, ಅವಮಾನದಿಂದ ಮಡಿದನು. ಅದೂ ತನ್ನನ್ನು ಕೊಂದವರಿಗಾಗಿ ಎಂದು ಬೋಧಕನು ಹೇಳುತ್ತಾನೆ. ಈ ವ್ಯತ್ಯಾಸವನ್ನು ಬಿಟ್ಟು ಹೋಲಿಕೆಯನ್ನಷ್ಟೇ ಹಿಡಿದರೆ ಶಿಲುಬೆಯು ಮತ್ತೊಂದು ವೀರಗಲ್ಲಾದೀತು.

ಕ್ರೈಸ್ತಸಭೆಯ ಹೊರಗಿನವರೂ ಆ ಮರಣದ ಕಡೆಗೆ ಸೆಳೆಯಲ್ಪಟ್ಟಿರುವುದು ಗಮನಾರ್ಹ. ಮಂಜೇಶ್ವರದ ಗೋವಿಂದ ಪೈಗಳು ಯೇಸುವನ್ನು ಕುರಿತು ಕಾವ್ಯ ಬರೆಯಹೊರಟಾಗ ಆರಿಸಿಕೊಂಡುದು ಅವನ ಕಡೆಯ ದಿನವನ್ನೇ. ಕಾವ್ಯದ ಹೆಸರು ‘ಗೊಲ್ಗೊಥಾ’. 1924ರಲ್ಲಿ ದೆಹಲಿಯಲ್ಲಿ ಗಾಂಧಿಯವರ 21 ದಿನಗಳ ಉಪವಾಸವು ಮುಗಿದಾಗ, ಶಿಲುಬೆಯನ್ನು ಕುರಿತು ಐಸಾಕ್ ವಾಟ್ಸನು ರಚಿಸಿದ್ದ ಕೀರ್ತನೆಯನ್ನು ಸಿ. ಎಫ್. ಆಂಡ್ರೂಸರು ಹಾಡಿದರು. 1931ರ ಡಿಸೆಂಬರಿನಲ್ಲಿ ರೋಮಿನಲ್ಲಿ ಕ್ರೂಶಿತನಾದ ಯೇಸುವಿನ ಪ್ರತಿಮೆಯನ್ನು ಕಂಡು ಗಾಂಧಿಯವರ ಮನಸ್ಸು ಕಲಕಿತು. ವ್ಯಕ್ತಿಗಳಂತೆ ಜನಾಂಗಗಳೂ ಅಂಥ ವೇದನೆಯಿಂದಲೇ ರೂಪುಗೊಳ್ಳುವುವೆಂದು ಅವರು ಬರೆದರು. ಸಿದ್ಧಾಂತವನ್ನು ಒಪ್ಪದವರಲ್ಲಿಯೂ ಶಿಲುಬೆಯು ಕೆಲಸ ಮಾಡಬಲ್ಲುದೆಂಬುದಕ್ಕೆ ಇದು ನಿದರ್ಶನ.

6. ನೋಯುವವರ ಪಕ್ಷದಿಂದ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಶ್ನೆಯು ಸಭೆಯ ಒಳಗಿನಿಂದಲೇ ಹೊಸದಾಗಿ ಎದ್ದಿತು. ಯೇಸುವಿನಂತೆ ಸಹಿಸಿಕೊಳ್ಳಿರೆಂದು ದುರ್ಬಲರಿಗೆ ಬೋಧಿಸುವುದು ಬಲಿಷ್ಠರಿಗೆ ಅನುಕೂಲವಾಗುವುದಿಲ್ಲವೆ? ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಅವರು ನೀಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರವೆಂಬ ವಿಚಾರಧಾರೆಯು ಆರಂಭವಾಯಿತೆಂದು ಎಣಿಸುತ್ತಾರೆ. ಅವರ ಮತದಲ್ಲಿ, ತುಳಿಯಲ್ಪಟ್ಟು, ಮುರಿಯಲ್ಪಟ್ಟು, ಕೈಬಿಡಲ್ಪಟ್ಟ ಯೇಸುವಿನ ದಲಿತತ್ವವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಶಿಲುಬೆಯಲ್ಲಿ. ಆ ದೃಷ್ಟಿಯಲ್ಲಿ ಶಿಲುಬೆಯು ಸಹನೆಯ ಪಾಠವಲ್ಲ; ದೇವರು ಯಾರ ಪಕ್ಷದಲ್ಲಿದ್ದಾನೆಂಬುದರ ಸಾಕ್ಷ್ಯ.

ಇದು ಗ್ರಂಥಸ್ಥವಾದ ಚರ್ಚೆಯಷ್ಟೇ ಅಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಸಹಿತ ಸುಡಲಾಯಿತು. ಈ ನೆಲದಲ್ಲಿ ನಿಂತು ಶಿಲುಬೆಯನ್ನು ಕುರಿತು ಮಾತನಾಡುವವನು, ಎರಡು ಸಾವಿರ ವರ್ಷಗಳ ಹಿಂದಿನ ವೇದನೆಯನ್ನು ವರ್ಣಿಸಿ, ಕಣ್ಣೆದುರಿನ ವೇದನೆಯನ್ನು ದಾಟಿಹೋದರೆ ಅವನ ಬೋಧನೆಯು ತನ್ನ ಮೂಲಕ್ಕೇ ವಿರುದ್ಧವಾಗುತ್ತದೆ. ಹಾಗೆಂದು ಆ ಏಳು ಮಂದಿಯ ಮರಣಕ್ಕೆ ಪುಣ್ಯದ ಬಣ್ಣವನ್ನು ಬಳಿಯುವುದೂ ಸಲ್ಲದು. ಅವರು ತಮ್ಮನ್ನು ಅರ್ಪಿಸಿಕೊಂಡವರಲ್ಲ, ಕೊಲ್ಲಲ್ಪಟ್ಟವರು. ಸುವಾರ್ತೆಗಳೂ ಶಿಲುಬೆಯನ್ನು ಒಂದು ಅನ್ಯಾಯವೆಂದೇ ಮೊದಲು ನಿರೂಪಿಸುತ್ತವೆ: ಸುಳ್ಳುಸಾಕ್ಷಿ, ಹೆದರಿದ ನ್ಯಾಯಾಧಿಪತಿ, ಕೂಗಾಡುವ ಗುಂಪು, ಓಡಿಹೋದ ಗೆಳೆಯರು ಎಲ್ಲವೂ ಅಲ್ಲಿವೆ. ರಕ್ಷಣೆಯ ಅರ್ಥವು ಅನ್ಯಾಯವನ್ನು ಅನ್ಯಾಯವೆಂದು ಕರೆದ ಮೇಲೆಯೇ ಬರತಕ್ಕದ್ದು.

7. ಉಪಸಂಹಾರ

ಇಂದಿಗೂ ಈ ಬೋಧನೆಯು ಅತ್ಯಂತ ಸಾಂದ್ರವಾಗಿ ಕೇಳಿಬರುವುದು ಶುಭ ಶುಕ್ರವಾರದಂದು. ಪ್ರಾಟೆಸ್ಟಂಟ್ ಸಭೆಗಳಲ್ಲಿ ಮಧ್ಯಾಹ್ನ ಮೂರು ಗಂಟೆಗಳ ಕಾಲ ಯೇಸುವು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಕುರಿತು ಪ್ರಸಂಗಗಳು ನಡೆಯುವ ವಾಡಿಕೆಯುಂಟು. ಈ ಪದ್ಧತಿಯು ಹುಟ್ಟಿದುದು 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಪೆರು ದೇಶದ ಲೀಮಾ ನಗರದ ಯೇಸುಸಭೆಯ ಪಾದ್ರಿಯೊಬ್ಬರಿಂದ. ಕಥೋಲಿಕರು ಶಿಲುಬೆಯ ಹಾದಿಯ 14 ಸ್ಥಲಗಳಲ್ಲಿ ನಿಂತು ಪ್ರಾರ್ಥಿಸುತ್ತಾರೆ. ಒಂದು ಪಂಗಡವು ಮಾತಿನಿಂದಲೂ ಮತ್ತೊಂದು ನಡಿಗೆಯಿಂದಲೂ ಅದೇ ಘಟನೆಯನ್ನು ಸುತ್ತುತ್ತವೆ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆರಂಭಿಸಿದ, ಮುಂದೆ ಸಿ. ಎಸ್. ಐ. ಆಸ್ಪತ್ರೆಯೆಂದು ಹೆಸರಾದ ಸಂಸ್ಥೆಯು ಮೂರನೆಯ ಬಗೆಯ ಬೋಧನೆ. ಮತವನ್ನು ಕೇಳದೆ ರೋಗಿಯ ಹುಣ್ಣನ್ನು ತೊಳೆದ ಕೈಯಲ್ಲಿ, ಪ್ರಸಂಗವನ್ನು ಎಂದೂ ಕೇಳದವನೂ ಆ ಬೋಧನೆಯ ಒಂದಂಶವನ್ನು ಕಾಣಬಹುದು.

ನಂದಿಬೆಟ್ಟದ ಅತಿಥಿಯು ಎತ್ತಿದ ಪ್ರಶ್ನೆಗೆ ಈಗ ಹಿಂದಿರುಗಬಹುದು. ಶಿಲುಬೆಯು ಆದರ್ಶವೆ, ಪ್ರಾಯಶ್ಚಿತ್ತವೆ? ಕ್ರೈಸ್ತಬೋಧನೆಯು ಎರಡನ್ನೂ ಹೇಳುತ್ತದೆ; ಆದರೆ ಎರಡನೆಯದನ್ನು ಮೊದಲು ಹೇಳುತ್ತದೆ. ಆ ಘಟನೆಯಲ್ಲಿ ದೇವರೇ ಕಾರ್ಯಮಾಡಿದನೆಂಬುದನ್ನು ಬಿಟ್ಟುಕೊಟ್ಟರೆ ಅದು ಕ್ರೈಸ್ತಬೋಧನೆಯಾಗಿ ಉಳಿಯದು. ಆದರೆ ಆ ಪ್ರಾಯಶ್ಚಿತ್ತವನ್ನು ನಂಬಿದವನ ಬಾಳಿನಲ್ಲಿ ಆದರ್ಶವು ಕಾಣದೆ ಹೋದಾಗ ಗಾಂಧಿಯವರ ಸಂದೇಹಕ್ಕೆ ಉತ್ತರವೂ ದೊರೆಯದು. ಈ ಬೋಧನೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಯು ಕನ್ನಡ ಬೈಬಲಿನ ‘ಈಡು’ ಎಂಬ ಪದವನ್ನು ಕೈಯಲ್ಲಿ ಹಿಡಿದು ಆರಂಭಿಸುವುದು ಒಳ್ಳೆಯದು: ಆ ಪದದ ಅರ್ಥವು ನಿಘಂಟಿನಲ್ಲಿ ಅರ್ಧದಷ್ಟಿದೆ, ಉಳಿದರ್ಧವು ಈ ಸೀಮೆಯ ಹಳ್ಳಿಗಳ ಸಾಲ, ಜೀತ, ಬಿಡುಗಡೆಗಳ ಚರಿತ್ರೆಯಲ್ಲಿದೆ.